ಬಟ್ಟಲಲ್ಲಿ ಉಳಿದದ್ದು

ನಮ್ಮ ರುಚಿಕೋಣೆಯಲ್ಲಿ ‘ಚೆನ್ನಾಗಿದೆ’ ಎಂಬ ಮಾತನ್ನು ನಾನು ನಿಷೇಧಿಸಿದ್ದೆ. ‘ಚೆನ್ನಾಗಿಲ್ಲ’ ಎಂಬುದಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ಬಿಯರಿನ ರುಚಿ ನೋಡಿ ತುಂಬುವ ಚೀಟಿಯಲ್ಲಿ ಇವೆರಡರಲ್ಲಿ ಯಾವುದನ್ನು ಬರೆದರೂ ಬರೆದವರು ಆ ದಿನದ ಬಟ್ಟಲುಗಳನ್ನೆಲ್ಲ ತೊಳೆಯಬೇಕು. ನಿಯಮ ಮಾಡಿದವಳು ನಾನು, ಬಟ್ಟಲು ತೊಳೆಯುತ್ತಿದ್ದವಳೂ ನಾನೇ. ಏಕೆಂದರೆ ಭಾವ ‘ಪರವಾಗಿಲ್ಲ’ ಎಂದು ಬರೆದು ನುಣುಚಿಕೊಳ್ಳುತ್ತಿದ್ದರು, ಅಕ್ಕ ‘ಹೋದ ಸಲದಂತೆಯೇ’ ಎಂದು ಬರೆಯುತ್ತಿದ್ದಳು, ಮುಚ್ಚಳದಮ್ಮ ಚೀಟಿಯನ್ನು ಖಾಲಿ ಬಿಟ್ಟು, ಕೇಳಿದರೆ, ಇನ್ನೂ ಯೋಚನೆ ಮಾಡ್ತಾ ಇದ್ದೀನಿ ಅನ್ನುತ್ತಿದ್ದಳು. ನಾಲಿಗೆಯ ಮೇಲೆ ಏನಾಯಿತು ಎಂಬುದನ್ನು ಹೇಳಿ ಎಂದರೆ ಜನರಿಗೆ ಇಷ್ಟು ಕಷ್ಟವೇಕೆ ಎಂದು ನನಗೆ ಎಂದೂ ಅರ್ಥವಾಗಿಲ್ಲ.

ಭಾವನ ಬಿಯರ್ ಕಾರ್ಖಾನೆ ಚಿಕ್ಕದು. ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಕಟ್ಟಡ ಅದು. ನೆಲದ ಕಲ್ಲುಗಳ ಸಂದಿನಲ್ಲಿ ಇಂದಿಗೂ ನೀಲಿ ಉಳಿದಿದೆ. ಭಾವ ಧಾನ್ಯ ಬೇಯಿಸುತ್ತಾರೆ, ಅಕ್ಕ ಅಂಗಡಿಯವರ ಜೊತೆ ಫೋನಿನಲ್ಲಿ ಜಗಳವಾಡುತ್ತಾಳೆ. ಬಾಟಲಿಗಳಿಗೆ ಮುಚ್ಚಳ ಒತ್ತುವ ಯಂತ್ರದ ಮುಂದೆ ಕೂರುವ ಹೆಂಗಸಿನ ಏಪ್ರನ್ನಿನ ಎರಡೂ ಜೇಬುಗಳಲ್ಲಿ ಯಾವಾಗಲೂ ಮುಚ್ಚಳಗಳು ಗಲಗಲ ಎನ್ನುತ್ತಿರುವುದರಿಂದ ಆಕೆ ಎಲ್ಲರಿಗೂ ಮುಚ್ಚಳದಮ್ಮ. ಬಾಟಲಿಗಳ ಪೆಟ್ಟಿಗೆಗಳನ್ನು ಅಂಗಡಿಗಳಿಗೆ ಒಯ್ಯಲು ಒಬ್ಬ ಡ್ರೈವರ್ ಇದ್ದಾನೆ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಆಮ್ಲ ಅಳೆಯುವುದು, ಕೊಳವೆಗಳನ್ನು ಸರಿಯಾಗಿ ತೊಳೆದಿಲ್ಲವೆಂದು ಎಲ್ಲರ ಮೇಲೂ ರೇಗುವುದು ನನ್ನ ಕೆಲಸ.

ಹಿಂದಿನ ಕೋಣೆಯಲ್ಲಿ ನಾಲ್ಕು ಮರದ ಪೀಪಾಯಿಗಳಿದ್ದವು. ಅವು ನನ್ನವು. ಬೆಲ್ಜಿಯಂ ಕಡೆಯ ಹಳೆಯ ಪದ್ಧತಿಯಲ್ಲಿ ಹುಳಿ ಬಿಯರ್ ಮಾಡುತ್ತೇನೆಂದು ಹಟ ಹಿಡಿದು ಭಾವನಿಂದ ಆ ಕೋಣೆಯನ್ನು ಕಸಿದುಕೊಂಡಿದ್ದೆ. ಈ ಬಿಯರ್‌ಗೆ ಯೀಸ್ಟ್ ಒಂದೇ ಸಾಲದು. ಹಾಲನ್ನು ಮೊಸರು ಮಾಡುವ ಬಗೆಯ ಬ್ಯಾಕ್ಟೀರಿಯಾಗಳೂ ಬೇಕು. ಮರದ ರಂಧ್ರಗಳಲ್ಲಿ ಮನೆ ಮಾಡಿಕೊಂಡು, ಯೀಸ್ಟ್ ತಿಂದು ಉಳಿಸಿದ ಸಕ್ಕರೆಯನ್ನು ಅವು ನಿಧಾನವಾಗಿ ಹುಳಿಯಾಗಿಸುತ್ತವೆ. ಅವಸರ ಮಾಡುವಂತಿಲ್ಲ. ಮೂರು ವರ್ಷ ಕಾದೆ. ಬೇಸಿಗೆಯಲ್ಲಿ ಪೀಪಾಯಿಗಳಿಗೆ ಒದ್ದೆ ಗೋಣಿ ಹೊದಿಸಿದೆ, ಚಳಿಯಲ್ಲಿ ಕಿಟಕಿಯ ಬಿರುಕುಗಳಿಗೆ ಬಟ್ಟೆ ತುರುಕಿದೆ. ರಜೆಯ ದಿನವೂ ಬಂದು ಪೀಪಾಯಿಗೆ ಕಿವಿಯಿಟ್ಟು ಒಳಗೆ ಗುಳ್ಳೆ ಏಳುವ ಸದ್ದು ಕೇಳುತ್ತಿದ್ದೆ.

ಕೊನೆಗೆ ಸಿದ್ಧವಾಯಿತು. ಮೂಗಿನ ಹತ್ತಿರ ತಂದರೆ ಮೊದಲು ಹಳೆಯ ಕಪಾಟಿನ ಒಳಗಿನ ವಾಸನೆ, ಅದರ ಹಿಂದೆಯೇ ನಿಂಬೆಯ ಸಿಪ್ಪೆ. ಬಾಯಿಗಿಟ್ಟರೆ ಹುಳಿ ನಾಲಿಗೆಯ ಎರಡೂ ಅಂಚುಗಳನ್ನು ಹಿಡಿದು ಕೆನ್ನೆಗಳನ್ನು ಒಳಕ್ಕೆ ಎಳೆಯುತ್ತದೆ. ಆಮೇಲೆ ಒದ್ದೆ ಹುಲ್ಲು, ಚರ್ಮದ ಚೀಲ, ಕೊನೆಯಲ್ಲಿ ಸೀಮೆಸುಣ್ಣದಂಥ ಒಣಗುವಿಕೆ. ನುಂಗಿದ ಮೇಲೂ ಅದು ಬಹಳ ಹೊತ್ತು ಬಾಯಲ್ಲಿ ಮಾತನಾಡುತ್ತಲೇ ಇರುತ್ತದೆ. ನನಗೆ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ.

ಭಾವ ಒಂದು ಗುಟುಕು ಕುಡಿದು ಒಂದು ಕಣ್ಣು ಮುಚ್ಚಿಕೊಂಡರು. “ಇದನ್ನ ಕುಡಿಯೋನು ಮೊದಲು ತನ್ನ ಹಲ್ಲಿನ ಹತ್ರ ಕ್ಷಮೆ ಕೇಳ್ಕೋಬೇಕಮ್ಮ,” ಎಂದರು.

ಸ್ವಲ್ಪ ಸಕ್ಕರೆ ಪಾಕ ಬೆರೆಸೋಣ ಎಂಬುದು ಅವರ ಸಲಹೆ. ಆ ದೇಶದಲ್ಲೂ ಎಷ್ಟೋ ಜನ ಸಿಹಿ ಬೆರೆಸಿಯೇ ಮಾರುತ್ತಾರಂತೆ, ಮೆತ್ತಗಿರುತ್ತದಂತೆ, ಮೊದಲ ಸಲ ಕುಡಿಯುವವರೂ ಓಡಿಹೋಗುವುದಿಲ್ಲವಂತೆ. ಅವರು ಹೇಳಿದ್ದು ನಿಜವಾಗಿತ್ತು. ನಿಜವಾಗಿತ್ತು ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಸಿಹಿ ಬೆರೆಸಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಬಿಯರಿನೊಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಬಾಟಲಿಯಲ್ಲಿ ಆ ಸಕ್ಕರೆಯನ್ನು ತಿಂದು ಅನಿಲ ಬಿಟ್ಟು ಬಾಟಲಿಯನ್ನೇ ಒಡೆಯುತ್ತದೆ. ಹಾಗಾಗದಿರಲು ಮುಚ್ಚಳ ಹಾಕಿದ ಬಾಟಲಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಳಿಸಬೇಕು. ಅಂದರೆ ಮೂರು ವರ್ಷ ಗೋಣಿ ಹೊದಿಸಿ ಸಾಕಿದವುಗಳನ್ನು ಕೊನೆಯ ದಿನ ನಾನೇ ಬೇಯಿಸಿ ಕೊಲ್ಲಬೇಕು.

ನಾನು ಆಗುವುದಿಲ್ಲ ಎಂದೆ. ಅರ್ಧಕ್ಕೆ ಸಿಹಿ ಹಾಕೋಣ, ಅರ್ಧ ಹಾಗೇ ಬಿಡೋಣ ಎಂದು ಅಕ್ಕ ನಡುವೆ ಬಂದಳು. ಎರಡು ಬಗೆಯ ಲೇಬಲ್ ಅಚ್ಚು ಹಾಕಿಸಿ, ಎರಡು ಹೆಸರು ಹೇಳಿಕೊಂಡು ಅಂಗಡಿ ಸುತ್ತುವಷ್ಟು ದೊಡ್ಡವರಲ್ಲ ನಾವು ಎಂದರು ಭಾವ. ಕೊನೆಗೆ ಒಪ್ಪಂದವಾಯಿತು: ರುಚಿ ನೋಡುವವರು ಹೇಳಿದಂತೆ. ಅವರು ಸಿಹಿಯಿಲ್ಲದ್ದನ್ನು ಆರಿಸಿದರೆ ಅದು ಇದ್ದ ಹಾಗೆಯೇ ಬಾಟಲಿಗೆ ಹೋಗುತ್ತದೆ. ಇಲ್ಲವಾದರೆ ಪಾಕ, ಬಿಸಿನೀರು.

ಪರೀಕ್ಷೆಯನ್ನು ನಾನು ಬಹಳ ಎಚ್ಚರಿಕೆಯಿಂದ ರೂಪಿಸಿದೆ. ನಾಲ್ಕು ಬಟ್ಟಲು: ಒಂದರಲ್ಲಿ ಪಾಕವೇ ಇಲ್ಲ, ಒಂದರಲ್ಲಿ ಚೂರೇ ಚೂರು, ಒಂದರಲ್ಲಿ ಮಧ್ಯಮ, ಒಂದರಲ್ಲಿ ಧಾರಾಳ. ಬಣ್ಣದಿಂದ ಗುರುತು ಸಿಗಬಾರದೆಂದು ಕಪ್ಪು ಪಿಂಗಾಣಿ ಬಟ್ಟಲುಗಳು. ಎಲ್ಲಕ್ಕೂ ಒಂದೇ ತಂಪು. ಬಟ್ಟಲುಗಳನ್ನು ಇಡುವ ಕ್ರಮ ಪ್ರತಿಯೊಬ್ಬರಿಗೂ ಬೇರೆ ಬೇರೆ. ಪಾಕವಿಲ್ಲದ್ದು ಯಾವುದು, ಚೂರು ಪಾಕದ್ದು ಯಾವುದು ಎಂದು ಹೇಳುವುದು ಸುಲಭವಲ್ಲ. ಅಭ್ಯಾಸಕ್ಕೆಂದು ನಾನೇ ಮಾಡಿಕೊಂಡ ಪರೀಕ್ಷೆಗಳಲ್ಲಿ ಎರಡು ಸಲ ಎಡವಿದ್ದೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಗೋಡೆಗೆ ಮುಖ ಮಾಡಿ ಕೂರಿಸಿದೆ. ನನ್ನ ಮುಖ ನೋಡಿ ಅಂದಾಜು ಮಾಡಬಾರದಲ್ಲ. ಬಟ್ಟಲುಗಳನ್ನು ಅವರ ಮುಂದಿಟ್ಟು, ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತ ಕಾದೆ.

ಸಂಜೆ ಚೀಟಿಗಳನ್ನು ಬಿಡಿಸಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಎಲ್ಲರೂ, ಒಬ್ಬರೂ ತಪ್ಪದೆ, ಪಾಕವಿಲ್ಲದ ಬಟ್ಟಲನ್ನೇ ಆರಿಸಿದ್ದರು. ಬರಿದೆ ಆರಿಸಿದ್ದಲ್ಲ, ಬರೆದೂ ಇದ್ದರು. ಚೀಟಿಯಲ್ಲಿ ಒಂದು ಪದಕ್ಕಿಂತ ಹೆಚ್ಚು ಬರೆಯದ ಭಾವ ‘ಗಂಭೀರವಾಗಿದೆ, ದೊಡ್ಡವರ ಮಾತಿನ ಹಾಗೆ’ ಎಂದಿದ್ದರು. ಅಕ್ಕ ‘ಮರದ ಪರಿಮಳ, ತಾಳ್ಮೆಯ ಫಲ’ ಎಂದಿದ್ದಳು. ಡ್ರೈವರ್ ‘ಒಂದು ಕುಡಿದರೆ ಸಾಕು, ಅಷ್ಟು ಚೊಕ್ಕ’ ಎಂದು ಬರೆದಿದ್ದ. ಮುಚ್ಚಳದಮ್ಮ ದೊಡ್ಡ ಅಕ್ಷರಗಳಲ್ಲಿ ‘ನಮ್ಮತ್ತೆ’ ಎಂದು ಬರೆದು, ಅದರ ಕೆಳಗೆ ಸಣ್ಣದಾಗಿ ‘ತುಂಬ ಗೌರವ ಬರುತ್ತದೆ’ ಎಂದು ಸೇರಿಸಿದ್ದಳು. ಇಷ್ಟು ದಿನ ಇವರ ನಾಲಿಗೆಗಳನ್ನು ಪಳಗಿಸಿದ್ದು ಸಾರ್ಥಕವಾಯಿತು ಅಂದುಕೊಂಡೆ. ಭಾವ ಆಗಲೇ ಲೇಬಲ್ಲಿನವನಿಗೆ ಫೋನು ಮಾಡಲು ಎದ್ದಿದ್ದರು.

ಬಟ್ಟಲು ತೊಳೆಯಲು ಹೋದೆ. ಯಾರೂ ನಿಷೇಧಿತ ಪದ ಬರೆದಿರಲಿಲ್ಲ, ಆದರೂ ಆ ಕೆಲಸ ನನ್ನದೇ. ತೊಳೆಯುವ ಮೊದಲು ಬಟ್ಟಲಲ್ಲಿ ಮಿಕ್ಕಿದ್ದನ್ನು ಅಳತೆಯ ಗಾಜಿನ ಜಾಡಿಗೆ ಸುರಿಯುವುದು ನನ್ನ ಅಭ್ಯಾಸ. ಮೋರಿಗೆ ಎಷ್ಟು ಹುಳಿ ಹೋಗುತ್ತಿದೆ ಎಂದು ತಿಳಿಯಲು ಶುರು ಮಾಡಿದ್ದು, ಬಿಡಲಾಗಿರಲಿಲ್ಲ. ಮೊದಲು ಪಾಕವಿಲ್ಲದ ಬಟ್ಟಲುಗಳು. ಭಾವನದು ಸುರಿದೆ, ಅಕ್ಕನದು, ಮುಚ್ಚಳದಮ್ಮನದು, ಡ್ರೈವರಿನದು. ಜಾಡಿ ತುಂಬುತ್ತ ಬಂತು. ಪ್ರತಿ ಬಟ್ಟಲಿನಿಂದಲೂ ಒಂದೊಂದು ಗುಟುಕು ಮಾತ್ರ ಇಳಿದಿತ್ತು. ಆಮೇಲೆ ಮಧ್ಯಮ ಪಾಕದ ಬಟ್ಟಲುಗಳನ್ನು ಕೈಗೆತ್ತಿಕೊಂಡೆ. ಅವುಗಳಿಂದ ಸುರಿಯಲು ಏನೂ ಇರಲಿಲ್ಲ. ಡ್ರೈವರಿನ ಬಟ್ಟಲಿನ ಒಳಗೋಡೆಯಲ್ಲಿ ಬೆರಳಿನ ಗುರುತಿತ್ತು. ಅವನು ತಳವನ್ನೂ ಒರೆಸಿ ನೆಕ್ಕಿದ್ದ.

ನಲ್ಲಿ ಹಾಗೇ ಸುರಿಯುತ್ತಿತ್ತು. ಒಂದೇ ಉತ್ತರ, ಎಲ್ಲರದೂ, ಒಂದು ತಪ್ಪೂ ಇಲ್ಲದೆ. ನಾನೇ ಎರಡು ಸಲ ಎಡವಿದ ಕಡೆ ಡ್ರೈವರ್ ಸೇರಿದಂತೆ ಯಾರೂ ಎಡವಿರಲಿಲ್ಲ. ಅಷ್ಟು ಸರಿಯಾದ ಫಲಿತಾಂಶ ಪ್ರಯೋಗಾಲಯದಲ್ಲಿ ಬಂದಿದ್ದರೆ ಆ ಕ್ಷಣವೇ ಅನುಮಾನಪಟ್ಟು ಮೊದಲಿನಿಂದ ಶುರು ಮಾಡುತ್ತಿದ್ದೆ. ನನ್ನ ಪರವಾಗಿ ಬಂದಿದ್ದರಿಂದ ನಂಬಿಬಿಟ್ಟಿದ್ದೆ.

ಅಕ್ಕ ಲೋಟ ತೊಳೆಯಲು ಬಂದಳು. ಜಾಡಿಯನ್ನೂ ಖಾಲಿ ಬಟ್ಟಲುಗಳನ್ನೂ ಅವಳ ಮುಂದೆ ಇಟ್ಟು, ಇದೇನು ಎಂದು ಕೇಳಿದೆ. ಮೊದಲು ಆ ದಿನ ಯಾರಿಗೂ ಬಾಯಾರಿಕೆ ಇರಲಿಲ್ಲ ಅಂದಳು. ಹಾಗಾದರೆ ಇವು ಹೇಗೆ ಖಾಲಿಯಾದವು ಎಂದೆ. ಆಮೇಲೆ ಅವಳು ನನ್ನ ಕಾಲಿನ ಕಡೆ ನೋಡಿದಳು.

“ನೀನು ಹಿಂದೆ ಓಡಾಡ್ತಾ ಇರ್ತೀಯಲ್ಲ, ನಿನ್ನ ಬೂಟು ಒದ್ದೆ ನೆಲದ ಮೇಲೆ ಕೀಚ್ ಕೀಚ್ ಅಂತಿರುತ್ತೆ. ನಿನ್ನದನ್ನ ಎತ್ತಿದ ಕೂಡಲೇ ಸದ್ದು ನಿಂತುಹೋಗುತ್ತೆ ಕಣೆ. ಉಸಿರು ಕೂಡ ಬಿಡಲ್ಲ ನೀನು.”

“ಎಲ್ಲರಿಗೂ ಗೊತ್ತಾ?”

“ಡ್ರೈವರೇ ಮೊದಲು ಹೇಳಿದ್ದು. ಹಿಂದಿನ ಸಲಗಳಲ್ಲೇ ಗಮನಿಸಿದ್ದನಂತೆ. ಒಳಗೆ ಹೋಗೋಕೆ ಮುಂಚೆ ನಮಗೆಲ್ಲ ಹೇಳಿಕೊಟ್ಟ.”

ಕಪ್ಪು ಬಟ್ಟಲು, ಒಂದೇ ತಂಪು, ಬೇರೆ ಬೇರೆ ಕ್ರಮ, ಗೋಡೆ. ಮುಖವನ್ನು ಮುಚ್ಚಿಡಲು ಇಷ್ಟೆಲ್ಲ ಮಾಡಿ, ರಬ್ಬರ್ ಬೂಟು ಹಾಕಿಕೊಂಡು ಬೆನ್ನ ಹಿಂದೆ ಡಂಗುರ ಸಾರಿದ್ದೆ. ಸುರಿಯುವವಳಿಗೂ ಯಾವ ಬಟ್ಟಲಲ್ಲಿ ಏನಿದೆ ಎಂದು ಗೊತ್ತಿರಬಾರದು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದ ಪಾಠ. ನಾನು ಎಂಥವಳೆಂದರೆ, ಉಳಿದವರ ನಾಲಿಗೆಯನ್ನು ಅನುಮಾನಿಸಿದಷ್ಟು ನನ್ನ ಕಾಲನ್ನು ಅನುಮಾನಿಸಿರಲಿಲ್ಲ. ನನಗೆ ಅಳು ಬರಲಿಲ್ಲ. ಏನನ್ನಾದರೂ ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಕೈಯಲ್ಲಿದ್ದದ್ದು ಪಿಂಗಾಣಿ. ಮೆತ್ತಗೆ ಕೆಳಗಿಟ್ಟೆ.

ಸುಮ್ಮನಿರಬಹುದಿತ್ತು. ಅಕ್ಕ ಹಾಗೇ ಹೇಳಿದಳು. ಗೆದ್ದಿದ್ದೀಯ, ಚೀಟಿಗಳು ನಿನ್ನ ಹತ್ರಾನೇ ಇವೆ, ಇನ್ನೇನು ಬೇಕು ಎಂದಳು. ಒಂದು ಕ್ಷಣ ನಾನೂ ಹಾಗೆಯೇ ಯೋಚಿಸಿದೆ. ಆದರೆ ಅಂಗಡಿಗಳಲ್ಲಿ ನನ್ನ ಬೂಟು ಸದ್ದು ಮಾಡುವುದಿಲ್ಲ. ಅಲ್ಲಿ ಕೊಂಡವರು ಒಂದು ಗುಟುಕು ಕುಡಿದು, ನನ್ನ ಮೇಲಿನ ಪ್ರೀತಿಯ ಭಾರವಿಲ್ಲದೆ, ಬಾಟಲಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆ ಚೀಟಿಗಳು ಇನ್ನು ನನಗೆ ಬೇಡವಾಗಿದ್ದವು. ಮೊದಲ ಬಾರಿಗೆ ಅವರು ಪದಗಳನ್ನು ಹುಡುಕಿ ಬರೆದಿದ್ದರು, ಆ ಪದಗಳಲ್ಲಿ ಒಂದೂ ಬಿಯರಿನದಾಗಿರಲಿಲ್ಲ.

ಭಾವ ಬೇಯಿಸುವ ತೊಟ್ಟಿಯಿಂದ ಧಾನ್ಯದ ಹಿಂಡಿಯನ್ನು ಸಲಿಕೆಯಲ್ಲಿ ಹೊರಗೆ ಎಳೆಯುತ್ತಿದ್ದರು. ಹಬೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಪರೀಕ್ಷೆ ಕೆಟ್ಟಿದೆ, ಲೇಬಲ್ಲಿನವನಿಗೆ ಬೇಡ ಎಂದು ಹೇಳಿ ಎಂದೆ. ಬೂಟಿನ ಸಂಗತಿಯನ್ನು ವಿವರಿಸತೊಡಗಿದೆ.

“ಗೊತ್ತು,” ಎಂದರು ಅವರು, ಸಲಿಕೆ ನಿಲ್ಲಿಸದೆ.

“ಗೊತ್ತಿದ್ದೂ ಯಾಕೆ ಹಾಗೆ ಬರೆದ್ರಿ? ನಿಮಗೆ ಸಿಹಿನೇ ಬೇಕಾಗಿತ್ತಲ್ಲ ಭಾವ.”

“ನಿಮ್ಮ ಅಕ್ಕನ ಜೊತೆ ನಾನು ಒಂದೇ ಮನೇಲಿ ಇರ್ಬೇಕಲ್ಲಮ್ಮ.” ಆಮೇಲೆ ಸಲಿಕೆ ನಿಂತಿತು. “ಮೂರು ವರ್ಷ ಪೀಪಾಯಿಗೆ ಕಿವಿ ಇಟ್ಕೊಂಡು ಕೂತೋಳ ಮುಂದೆ, ಇದು ಬೇಡ ಅನ್ನೋಕೆ ಯಾರಿಗೆ ನಾಲಿಗೆ ಬರುತ್ತೆ?”

ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಒಡೆದು ಹೇಳಿದ್ದರೆ ಜಗಳವಾಡಬಹುದಿತ್ತು. ಕನಿಕರದ ಜೊತೆ ಜಗಳವಾಡುವುದು ಹೇಗೆ? ನಾಳೆ ಮತ್ತೆ ಪರೀಕ್ಷೆ, ಈ ಸಲ ಯಾರಿಗೂ ಏನೂ ತಿಳಿಯದ ಹಾಗೆ, ಎಂದೆ.

“ಗೆದ್ದೋರೇ ಮತ್ತೆ ಎಲೆಕ್ಷನ್ ಬೇಕು ಅನ್ನೋದನ್ನ ಇವತ್ತೇ ನೋಡಿದ್ದು,” ಎಂದು ಭಾವ ಮತ್ತೆ ಹಬೆಯೊಳಗೆ ಹೋದರು.

ಮರುದಿನ ಅಕ್ಕ ಹಿಂದಿನ ಕೋಣೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಬಟ್ಟಲುಗಳಿಗೆ ಸುರಿದು, ತಳದಲ್ಲಿ ತನಗೆ ಮಾತ್ರ ತಿಳಿಯುವ ಗುರುತು ಅಂಟಿಸಿ, ಬಾಗಿಲ ಹೊರಗಿಟ್ಟಳು. ಏನೂ ತಿಳಿಯದ ಮುಚ್ಚಳದಮ್ಮ ಅವನ್ನು ತಂದಿಟ್ಟಳು. ಅವಳ ಸರದಿ ಬಂದಾಗ ಭಾವ ತಂದಿಟ್ಟರು. ರುಚಿ ನೋಡುವವರ ಹಿಂದೆ ಯಾರೂ ನಿಲ್ಲಲಿಲ್ಲ. ಈ ಸಲ ನಾನೂ ಗೋಡೆಗೆ ಮುಖ ಮಾಡಿ ಕುಳಿತೆ. ಬೂಟು ಬಿಚ್ಚಿ ಬಾಗಿಲ ಬಳಿ ಬಿಟ್ಟಿದ್ದೆ. ಡ್ರೈವರ್ ಅದನ್ನು ನೋಡಿ, ದೇವಸ್ಥಾನದೊಳಕ್ಕೆ ಹೋದ ಹಾಗಿದೆ ಎಂದು ಮುಚ್ಚಳದಮ್ಮನಿಗೆ ಹೇಳಿದ್ದು ಕೇಳಿಸಿತು.

ಆ ಗೋಡೆಯನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಸುಣ್ಣದ ಅಡಿಯಲ್ಲಿ ಹಳೆಯ ಬಣ್ಣದ ಚುಕ್ಕೆಗಳು. ಇಷ್ಟು ದಿನ ಇವರನ್ನೆಲ್ಲ ಇದರ ಮುಂದೆ ಕೂರಿಸಿ ಪದಗಳನ್ನು ಕೇಳಿದ್ದೆ.

ಮೊದಲ ಬಟ್ಟಲು ಧಾರಾಳ ಪಾಕದ್ದು. ಅದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಜಾತ್ರೆಯ ಶರಬತ್ತಿನ ಹಾಗೆ ತುಟಿಗೆ ಅಂಟಿತು. ಎರಡನೆಯದನ್ನು ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನನ್ನದು. ಕಪಾಟು, ನಿಂಬೆ, ಚರ್ಮ, ಸೀಮೆಸುಣ್ಣ. ಬರೆಯುತ್ತ ಹೋದೆ. ಚೀಟಿಯ ಒಂದು ಬದಿ ಸಾಲದೆ ಹಿಂಬದಿಗೂ ಹೊರಳಿದೆ. ಹುಳಿ ಹೇಗೆ ಮೇಲೇರುತ್ತದೆ, ಎಲ್ಲಿ ತಿರುಗುತ್ತದೆ, ಯಾವಾಗ ಮರಕ್ಕೆ ದಾರಿ ಬಿಡುತ್ತದೆ. ಮೂರನೆಯದು ಅದರ ತಂಗಿಯಂತಿತ್ತು, ಅದೇ ಮೂಗು, ಸ್ವಲ್ಪ ಕಡಿಮೆ ಕೋಪ. ಚೂರು ಪಾಕದ್ದಿರಬೇಕು.

ನಾಲ್ಕನೆಯದಕ್ಕೆ ಬಂದಾಗ ಉಳಿದಿದ್ದು ಮಧ್ಯಮ ಪಾಕದ್ದೇ ಎಂದು ತಿಳಿದಿತ್ತು. ಸಿಟ್ಟಿನಿಂದಲೇ ಎತ್ತಿದೆ. ವಾಸನೆಯಲ್ಲಿ ಅದೇ ಹಳೆಯ ಕಪಾಟು, ಆದರೆ ಯಾರೋ ಅದರ ಬಾಗಿಲು ತೆರೆದು ಗಾಳಿಗೆ ಬಿಟ್ಟ ಹಾಗೆ. ನಾಲಿಗೆಗೆ ಮೊದಲು ಸಿಹಿಯೇ ಬಂತು, ಬೇಯಿಸಿದ ಸೇಬಿನದು, ಹಿಂದೆ ಎಲ್ಲೋ ಜೇನಿನ ನೆರಳು. ‘ಹುಳಿ ತಡವಾಗಿ ಬರುತ್ತದೆ, ಬಂದರೂ ದನಿ ಎತ್ತುವುದಿಲ್ಲ’ ಎಂದು ಬರೆದೆ. ಇನ್ನೊಂದು ಗುಟುಕು. ‘ಕೆನ್ನೆಗಳು ಇದ್ದಲ್ಲೇ ಇರುತ್ತವೆ. ಗುಳ್ಳೆಗಳು ಸಣ್ಣವು, ಮೃದು.’ ಇನ್ನೊಂದು. ‘ಕೊನೆ ಬೇಗ ಮುಗಿಯುತ್ತದೆ. ಬಾಯಿ ಒಣಗುವುದಿಲ್ಲ. ನುಂಗಿದ ಮೇಲೆ ಏನೂ ಉಳಿಯುವುದಿಲ್ಲ, ಆದ್ದರಿಂದ—’ ಇಲ್ಲಿ ಪೆನ್ನು ನಿಂತಿತು. ಏನೂ ಉಳಿಯದಿರುವುದು ದೋಷ ಎಂದು ಬರೆಯಬೇಕೆಂದಿದ್ದೆ. ಆ ದೋಷವನ್ನು ಇನ್ನೂ ಖಚಿತವಾಗಿ ಹಿಡಿಯಲು ಮತ್ತೊಂದು ಗುಟುಕು ಬೇಕಾಗಿತ್ತು. ಬಟ್ಟಲನ್ನು ಎತ್ತಿದೆ.

ಬಟ್ಟಲು ಹಗುರವಾಗಿತ್ತು.

ಒಳಗೆ ಬಗ್ಗಿ ನೋಡಿದೆ. ಪಕ್ಕದಲ್ಲಿ ಎರಡನೆಯ ಬಟ್ಟಲಿತ್ತು, ನಾನು ಚೀಟಿಯ ಎರಡೂ ಬದಿ ತುಂಬಿಸಿದ್ದು. ಅದರಲ್ಲಿ ಒಂದು ಗುಟುಕು, ಹೆಚ್ಚೆಂದರೆ ಒಂದೂವರೆ ಗುಟುಕು ಇಳಿದಿತ್ತು.

ಬಟ್ಟಲುಗಳ ತಳ ತಿರುಗಿಸಿ ನೋಡಲು ಅಕ್ಕ ಒಳಗೆ ಬಂದಳು. ನಾನು ಗುರುತಿಸಿದ್ದೆಲ್ಲ ಸರಿಯಾಗಿತ್ತು. ನಾಲ್ಕನ್ನೂ ಹಿಡಿದುಬಿಟ್ಟಿದ್ದೀಯ, ನಿನ್ನ ನಾಲಿಗೆಗೆ ಸಾಟಿಯಿಲ್ಲ ಎಂದಳು. ಆಮೇಲೆ ಖಾಲಿ ಬಟ್ಟಲು ಕೈಗೆ ಬಂತು. ಅದನ್ನು ಮಗುಚಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ನನ್ನ ಅಕ್ಕ ಜೋರಾಗಿ ನಗುವವಳು. ಆ ದಿನ ನಗಲಿಲ್ಲ, ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಹೋದಳು. ನಕ್ಕಿದ್ದರೇ ವಾಸಿಯಿತ್ತು.

ಉಳಿದವರ ಚೀಟಿಗಳು ಈ ಸಲ ಬಿಯರಿನ ಬಗ್ಗೆಯೇ ಇದ್ದವು. ಪಾಕವಿಲ್ಲದ ನನ್ನ ಬಿಯರನ್ನು ಡ್ರೈವರ್ ‘ಮಳೆಯಲ್ಲಿ ನೆಂದ ಚಪ್ಪಲಿ’ ಎಂದಿದ್ದ, ಭಾವ ‘ವಿನೆಗರ್ ಬಾಟಲಿಯ ಅಣ್ಣ’ ಎಂದಿದ್ದರು. ಮುಚ್ಚಳದಮ್ಮ ಮತ್ತೆ ‘ನಮ್ಮತ್ತೆ’ ಎಂದೇ ಬರೆದಿದ್ದಳು, ಕೆಳಗೆ ಗೌರವದ ಮಾತಿರಲಿಲ್ಲ. ಅವು ನಿಖರವಾದ ವರ್ಣನೆಗಳು. ಒದ್ದೆ ಚರ್ಮ ನಿಜ, ಆಮ್ಲ ನಿಜ. ನಾನು ಬಹಳ ದಿನಗಳಿಂದ ಕೇಳುತ್ತಿದ್ದದ್ದು ಇಂಥ ಪದಗಳನ್ನೇ, ಮತ್ತು ಅವನ್ನು ಓದುತ್ತ ನನಗೆ ಒಂದು ಚೂರೂ ಸಂತೋಷವಾಗಲಿಲ್ಲ.

ಫಲಿತಾಂಶವನ್ನು ನಾನೇ ಭಾವನಿಗೆ ಹೇಳಿದೆ. ಎಲ್ಲರೂ ಆರಿಸಿದ್ದು ಮಧ್ಯಮ ಪಾಕ. ಅವರು ಗೆದ್ದವರಂತೆ ಮಾಡಲಿಲ್ಲ. ಪೀಪಾಯಿಗೊಂದರಂತೆ ನಾಲ್ಕು ಬಾಟಲಿ ಹಾಗೇ ತೆಗೆದಿಟ್ಟುಕೋ, ನಿನಗೆ ಅಂತ, ಎಂದರು. ಬೇಡ ಎಂದೆ. ಆದರೆ ಪಾಕ ಬೆರೆಸುವುದು ನಾನೇ, ಅಳತೆ ನನ್ನದು, ಬಿಸಿನೀರಿನ ತೊಟ್ಟಿಯ ಪಕ್ಕ ನಿಲ್ಲುವವಳೂ ನಾನೇ, ನಡುವೆ ಯಾರೂ ‘ಇನ್ನೊಂದು ಚಮಚ’ ಎನ್ನಬಾರದು ಎಂದೆ. ಅವರು ಒಪ್ಪಿದರು.

ಬಾಟಲಿಗಳನ್ನು ನೀರಿಗೆ ಇಳಿಸಿದ ದಿನ ಮುಚ್ಚಳದಮ್ಮ ಬಂದು ನನ್ನ ಪಕ್ಕ ನಿಂತಳು. ಜೇಬಿನ ಮುಚ್ಚಳಗಳು ಸದ್ದು ಮಾಡದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ನೀರಿನ ಬಿಸಿ ಏರುತ್ತಿದ್ದುದನ್ನು ನೋಡುತ್ತ, ಒಳಗಿರೋದಕ್ಕೆ ನೋವಾಗುತ್ತಾ ಎಂದು ಮೆಲ್ಲಗೆ ಕೇಳಿದಳು. ಅವಕ್ಕೆ ನರಗಳಿಲ್ಲ ಎಂದೆ. ಅದು ವೈಜ್ಞಾನಿಕವಾಗಿ ಸರಿಯಾದ ಉತ್ತರ.

ಮೊದಲ ಕಂತಿನ ಬಾಟಲಿಗಳು ತಣ್ಣಗಾದ ಮೇಲೆ ಭಾವ ಲೇಬಲ್ಲಿನ ಕರಡು ತಂದರು. ಹೆಸರಿತ್ತು, ಚಿತ್ರವಿತ್ತು, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿತ್ತು. ಅಲ್ಲಿ ರುಚಿಯ ಬಗ್ಗೆ ನೀನೇ ಬರೀಬೇಕು, ಇಷ್ಟು ಪದ ಕೂಡಿಟ್ಟಿದ್ದೀಯಲ್ಲ ಎಂದು ಹೇಳಿ ಹೋದರು. ನಾನು ರುಚಿಕೋಣೆಗೆ ಹೋಗಿ ಒಂದು ಬಾಟಲಿ ತೆರೆದೆ, ಬಟ್ಟಲಿಗೆ ಸುರಿದೆ. ಬೇಯಿಸಿದ ಸೇಬು ಎಂದು ಬರೆದು ಹೊಡೆದುಹಾಕಿದೆ; ಅಷ್ಟು ದಪ್ಪಗಿಲ್ಲ. ಜೇನಿನ ನೆರಳು ಎಂದು ಬರೆದೆ, ಕವಿತೆಯಂತಾಯಿತು. ಸೌಮ್ಯ ಹುಳಿ ಎಂದೆ, ಔಷಧಿಯ ಡಬ್ಬಿಯ ಮೇಲಿನ ಮಾತಿನಂತೆ ಕಂಡಿತು. ಪ್ರತಿ ಸಲ ಸರಿಯಾದ ಪದಕ್ಕಾಗಿ ಒಂದು ಗುಟುಕು ಬೇಕಾಯಿತು, ಪ್ರತಿ ಗುಟುಕೂ ಪದ ಸಿಗುವ ಮೊದಲೇ ಮುಗಿಯಿತು. ನನ್ನ ಹುಳಿಗೆ ಚೀಟಿಯ ಎರಡೂ ಬದಿ ತುಂಬಿಸಿದ್ದೆ, ಇದಕ್ಕೆ ಒಂದು ಸಾಲು ತುಂಬುತ್ತಿಲ್ಲವಲ್ಲ ಎಂದು ಹಲ್ಲು ಕಚ್ಚಿದೆ. ಬಾಟಲಿ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲು ಭಾಗಕ್ಕೆ.

ಕೊನೆಗೆ ಪೆನ್ನೊತ್ತಿ ಒಂದೇ ಪದ ಬರೆದೆ. ನೋಡಿದೆ. ಹೊಡೆದುಹಾಕಲು ಹೊರಟು ಸುಮ್ಮನಾದೆ.

ಪಕ್ಕದ ಮೇಜಿನ ಮೇಲೆ ಆ ದಿನದ ಬಟ್ಟಲುಗಳು ಸಾಲಾಗಿ ಕಾಯುತ್ತಿದ್ದವು. ನಿಯಮದಂತೆ ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಕಡೆ ಹೋದೆ.